ತೊಂದರೆಯೇ ಇಲ್ಲ, ಆದರೂ ರಕ್ತದ ಕ್ಯಾನ್ಸರ್ ಪರೀಕ್ಷೆ ಏಕೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ಬಗೆಯ ಆತಂಕವನ್ನು ಹೇಳಿಕೊಂಡಿವೆ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವಾಗ, ಬೇರಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಿಂದ ರಕ್ತದ ಕ್ಯಾನ್ಸರಿನ ಸಂಶಯ ಎದ್ದಾಗ ಏನು ಮಾಡಬೇಕು ಎಂಬುದು ಅವುಗಳ ವಿಷಯ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ 57 ವರ್ಷ. ಸಕ್ಕರೆ ಕಾಯಿಲೆಯಾಗಲಿ, ರಕ್ತದೊತ್ತಡವಾಗಲಿ ಇಲ್ಲ. ಪ್ರತಿವರ್ಷ ಮಾಡಿಸುವ ತಪಾಸಣೆಯಲ್ಲಿ ಈ ಸಲ ರಕ್ತದ ಒಟ್ಟು ಪ್ರೋಟೀನ್ 8.8, ಅದರಲ್ಲಿ ಗ್ಲಾಬ್ಯುಲಿನ್ 4.6 ಎಂದು ಬಂತು. ಅದರ ಬೆನ್ನಿಗೇ ಮಾಡಿಸಿದ, ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಲ್ಲಿ 2.2 ಗ್ರಾಂನಷ್ಟು ‘ಎಂ ಬ್ಯಾಂಡ್’ ಇದೆಯೆಂದೂ, ಅದು ಐಜಿಜಿ ಕಪ್ಪಾ ಬಗೆಯದೆಂದೂ, ಲೈಟ್ ಚೈನ್ ಅನುಪಾತ 6 ಇದೆಯೆಂದೂ ತಿಳಿಯಿತು. ಹಿಮೋಗ್ಲೋಬಿನ್ 13.4, ಕ್ರಿಯಾಟಿನಿನ್ 0.9, ಕ್ಯಾಲ್ಸಿಯಂ 9.4 ಇವೆ. ರಕ್ತರೋಗ ತಜ್ಞರು ‘ಮಲ್ಟಿಪಲ್ ಮೈಲೋಮಾ ಇದೆಯೋ ಇಲ್ಲವೋ ನೋಡಬೇಕು’ ಎಂದು ಮೂಳೆಮಜ್ಜೆಯ ಪರೀಕ್ಷೆಯನ್ನೂ ಇಡೀ ದೇಹದ ಸ್ಕ್ಯಾನನ್ನೂ ಬರೆದುಕೊಟ್ಟಿದ್ದಾರೆ. ನನಗೆ ನೋವಿಲ್ಲ, ದಣಿವಿಲ್ಲ, ತೂಕವೂ ಇಳಿದಿಲ್ಲ. ಚೆನ್ನಾಗಿರುವವರು ಯಾಕೆ ಮೂಳೆ ಚುಚ್ಚಿಸಿಕೊಳ್ಳಬೇಕು ಎಂದು ಮನೆಯವರು ಕೇಳುತ್ತಾರೆ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ನಿದ್ದೆಯೇ ಬರುತ್ತಿಲ್ಲ. ಏನಾದರೂ ತೊಂದರೆ ಕಾಣಿಸಿಕೊಂಡ ಮೇಲೆ ಮಾಡಿಸಿದರೆ ಆಗದೇ?

ಉತ್ತರ: ಮುಂದೂಡಬೇಡಿ. ನೀವು ಬರೆದಿರುವ ಅಂಕಿಗಳನ್ನು ನೋಡಿದರೆ, ಮೂಳೆಮಜ್ಜೆಯನ್ನು ಪರೀಕ್ಷಿಸಬೇಕೆಂಬ ನಿಮ್ಮ ತಜ್ಞರ ತೀರ್ಮಾನ ಸರಿಯಾಗಿದೆ. ಅದೇ ಅಂಕಿಗಳಲ್ಲಿ ನಿಮಗೆ ಧೈರ್ಯ ಕೊಡುವ ಸಂಗತಿಗಳೂ ಇವೆ. ನಿಮ್ಮ ಹಿಮೋಗ್ಲೋಬಿನ್, ಮೂತ್ರಪಿಂಡ, ಕ್ಯಾಲ್ಸಿಯಂ ಮೂರೂ ಸರಿಯಾಗಿವೆ ಎಂಬುದು ಸಣ್ಣ ಮಾತಲ್ಲ. ಆದರೆ ಕಾಯಿಲೆ ಎಲ್ಲಿ ನಿಂತಿದೆ ಎಂಬುದನ್ನು ಅವು ಮೂರೇ ಹೇಳಲಾರವು.

ಮೊದಲು ಈ ಎಂ ಬ್ಯಾಂಡ್ ಎಂದರೇನು ಎಂಬುದನ್ನು ತಿಳಿದುಕೊಳ್ಳಿ. ಮೂಳೆಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳಿರುತ್ತವೆ. ಸೋಂಕನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ಆರೋಗ್ಯವಂತರಲ್ಲಿ ಬೇರೆ ಬೇರೆ ಕೋಶಗಳು ಬೇರೆ ಬೇರೆ ಪ್ರತಿಕಾಯಗಳನ್ನು ತಯಾರಿಸುವುದರಿಂದ, ಎಲೆಕ್ಟ್ರೋಫೊರೆಸಿಸ್‌ನಲ್ಲಿ ಅವು ಅಗಲವಾಗಿ ಹರಡಿಕೊಂಡು ಕಾಣುತ್ತವೆ. ಅವುಗಳಲ್ಲಿ ಒಂದು ಕೋಶ ಹಾದಿ ತಪ್ಪಿ ತನ್ನಂಥವನ್ನೇ ಹೆಚ್ಚಿಸಿಕೊಂಡಾಗ, ಆ ಗುಂಪಿನ ಕೋಶಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಆ ಪ್ರೋಟೀನೇ ಎಂ ಪ್ರೋಟೀನ್; ಕಿರಿದಾದ, ಚೂಪಾದ ಪಟ್ಟಿಯಾಗಿ ಕಾಣುವ ಎಂ ಬ್ಯಾಂಡ್ ಅದೇ. ಐಜಿಜಿ ಎಂಬುದು ಪ್ರತಿಕಾಯದ ಒಂದು ಬಗೆ. ಲೈಟ್ ಚೈನ್ ಎಂದರೆ ಪ್ರತಿಕಾಯದ ಒಂದು ಸಣ್ಣ ತುಂಡು; ಅದರಲ್ಲಿ ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆಗಳಿದ್ದು, ರಕ್ತದಲ್ಲಿ ಅವೆರಡರ ಪ್ರಮಾಣದ ಹೋಲಿಕೆಯೇ ಲೈಟ್ ಚೈನ್ ಅನುಪಾತ. ಇದನ್ನು ಓದುತ್ತಿರುವ ಇತರರಿಗೂ ಒಂದು ಮಾತು: ದೀರ್ಘಕಾಲದ ಸೋಂಕು, ಯಕೃತ್ತಿನ ಕಾಯಿಲೆ, ಸಂಧಿವಾತದಂಥ ತೊಂದರೆಗಳಲ್ಲೂ ಗ್ಲಾಬ್ಯುಲಿನ್ ಏರುತ್ತದೆ, ಅಲ್ಲಿ ಎಲ್ಲ ಬಗೆಯ ಪ್ರತಿಕಾಯಗಳೂ ಒಟ್ಟಾಗಿ ಹೆಚ್ಚಿರುತ್ತವೆ, ಚೂಪಾದ ಪಟ್ಟಿ ಇರುವುದಿಲ್ಲ. ಆದ್ದರಿಂದ ವರದಿಯಲ್ಲಿ ಗ್ಲಾಬ್ಯುಲಿನ್ ಹೆಚ್ಚಿದೆ ಎಂಬುದನ್ನಷ್ಟೇ ನೋಡಿ ಯಾರೂ ಕ್ಯಾನ್ಸರಿನ ತೀರ್ಮಾನಕ್ಕೆ ಬರಬಾರದು.

ಮೈಲೋಮಾ ಎಂಬುದು ಈ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಎಂ ಬ್ಯಾಂಡ್ ಇದ್ದವರೆಲ್ಲರಿಗೂ ಅದು ಇರುವುದಿಲ್ಲ. ನಿಜವೆಂದರೆ ಹೆಚ್ಚಿನವರಿಗೆ ಇರುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ರಾಬರ್ಟ್ ಕೈಲ್ ಅವರು 1978ರಲ್ಲಿ ಇಂಥ ಸ್ಥಿತಿಗೊಂದು ಹೆಸರು ಕೊಟ್ಟರು. ಅದರ ಹ್ರಸ್ವರೂಪವನ್ನು ವೈದ್ಯರು ‘ಎಂಗಸ್’ ಎಂದು ಕರೆಯುತ್ತಾರೆ. ಎಂ ಪ್ರೋಟೀನ್ ಡೆಸಿಲೀಟರಿಗೆ 3 ಗ್ರಾಂಗಿಂತ ಕಡಿಮೆಯಿದ್ದು, ಮಜ್ಜೆಯಲ್ಲಿ ಆ ಹಾದಿ ತಪ್ಪಿದ ಕೋಶಗಳು ಶೇ 10ಕ್ಕಿಂತ ಕಡಿಮೆಯಿದ್ದು, ದೇಹದ ಯಾವ ಅಂಗಕ್ಕೂ ಅದರಿಂದ ಹಾನಿಯಾಗಿರದಿದ್ದರೆ ಅದು ಎಂಗಸ್. ಕೈಲ್ ಮತ್ತು ಸಂಗಡಿಗರು 50 ವರ್ಷ ಮೀರಿದ 21,463 ಜನರ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 3.2ರಷ್ಟು ಮಂದಿಗೆ ಇದು ಇತ್ತು. 70 ದಾಟಿದವರಲ್ಲಿ ಶೇ 5ಕ್ಕೂ ಹೆಚ್ಚು. ಎಂಗಸ್ ಇರುವ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಅದು ಮೈಲೋಮಾ ಅಥವಾ ಅದರ ಬಳಗದ ಬೇರೊಂದು ಕಾಯಿಲೆಯಾಗಿ ಬೆಳೆಯುತ್ತದೆ. ಉಳಿದವರಲ್ಲಿ ಬಹಳಷ್ಟು ಮಂದಿ ತಮ್ಮ ಆಯುಷ್ಯವನ್ನು ಅದರೊಂದಿಗೇ ಕಳೆಯುತ್ತಾರೆ, ಅದು ಇದೆಯೆಂಬುದು ಗೊತ್ತೇ ಆಗದೆ.

ಎಂಗಸ್ ಮತ್ತು ಮೈಲೋಮಾದ ನಡುವೆ ಇನ್ನೊಂದು ಘಟ್ಟವಿದೆ. ಎಂ ಪ್ರೋಟೀನ್ 3 ಗ್ರಾಂ ಅಥವಾ ಹೆಚ್ಚು ಇದ್ದರೆ, ಇಲ್ಲವೇ ಮಜ್ಜೆಯಲ್ಲಿ ಆ ಕೋಶಗಳು ಶೇ 10ರಿಂದ 60ರೊಳಗೆ ಇದ್ದರೆ, ಮತ್ತು ಅಂಗಗಳಿಗೆ ಹಾನಿಯಾಗಿರದಿದ್ದರೆ, ಅದನ್ನು ‘ಸ್ಮೋಲ್ಡರಿಂಗ್ ಮೈಲೋಮಾ’ ಎನ್ನುತ್ತಾರೆ. ಇಲ್ಲೂ ವ್ಯಕ್ತಿಗೆ ಯಾವ ತೊಂದರೆಯೂ ಇರುವುದಿಲ್ಲ, ಆದರೆ ಮುಂದುವರಿಯುವ ಸಂಭವ ಬೇರೆಯದೇ ಮಟ್ಟದ್ದು: ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಶೇ 10, ಮುಂದಿನ ಐದು ವರ್ಷಗಳಲ್ಲಿ ವರ್ಷಕ್ಕೆ ಶೇ 3, ಆಮೇಲೆ ಎಂಗಸ್‌ನಷ್ಟೇ, ಅಂದರೆ ಶೇ 1. ಸಮಯ ಕಳೆದಂತೆ ಅಪಾಯ ತಗ್ಗುತ್ತದೆ ಎಂಬುದನ್ನು ಗಮನಿಸಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಎಂ ಪ್ರೋಟೀನ್ 2.2 ಗ್ರಾಂ ಇದೆ. ಐಜಿಜಿ ಬಗೆಯದಾಗಿದ್ದು, 1.5 ಗ್ರಾಂಗಿಂತ ಕಡಿಮೆಯಿದ್ದು, ಲೈಟ್ ಚೈನ್ ಅನುಪಾತವೂ ಸಹಜವಾಗಿದ್ದು, ಬೇರೆ ತೊಂದರೆಗಳಿಲ್ಲದಿದ್ದರೆ ಮಜ್ಜೆಯ ಪರೀಕ್ಷೆಯನ್ನು ಸದ್ಯಕ್ಕೆ ಬಿಡಬಹುದಿತ್ತು. ಲೈಟ್ ಚೈನ್ ಅನುಪಾತ ಸಾಮಾನ್ಯವಾಗಿ 0.26ರಿಂದ 1.65ರ ನಡುವೆ ಇರುತ್ತದೆ, ನಿಮ್ಮದು 6. ಎರಡು ಗೆರೆಗಳನ್ನೂ ನಿಮ್ಮ ವರದಿ ದಾಟಿರುವುದರಿಂದ, ನೀವು ಎಂಗಸ್ ಗುಂಪಿನಲ್ಲಿದ್ದೀರೋ ಸ್ಮೋಲ್ಡರಿಂಗ್ ಗುಂಪಿನಲ್ಲಿದ್ದೀರೋ ಎಂಬುದನ್ನು ಮಜ್ಜೆಯೊಂದೇ ಹೇಳಬಲ್ಲದು. ಇವೆರಡಕ್ಕೆ ಮುಂದಿನ ದಾರಿ ಬೇರೆ ಬೇರೆ.

‘ತೊಂದರೆ ಕಾಣಿಸಿಕೊಂಡ ಮೇಲೆ’ ಎಂದು ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಳವಳ ತಂದದ್ದು ಆ ವಾಕ್ಯವೇ. ಮೈಲೋಮಾದಲ್ಲಿ ಮೊದಲು ಕಾಣಿಸುವ ತೊಂದರೆ ಎಷ್ಟೋ ಸಲ ಒಂದು ಮೂಳೆಮುರಿತವಾಗಿರುತ್ತದೆ ಅಥವಾ ಮೂತ್ರಪಿಂಡದ ವೈಫಲ್ಯವಾಗಿರುತ್ತದೆ. ಬೆನ್ನುಮೂಳೆಯ ಒಂದು ಕಶೇರು ಕುಸಿದ ಮೇಲೆ ಅದು ಮೊದಲಿನ ಆಕಾರಕ್ಕೆ ತಾನಾಗಿ ಮರಳುವುದಿಲ್ಲ. ಲೈಟ್ ಚೈನ್‌ಗಳು ಸೋಸುನಾಳಗಳನ್ನು ಕಟ್ಟಿಸಿ ಹಾಳುಮಾಡಿದ ಮೂತ್ರಪಿಂಡ ಚಿಕಿತ್ಸೆಯಾದ ಮೇಲೂ ಪೂರ್ತಿ ಚೇತರಿಸಿಕೊಳ್ಳದೆ ಇರಬಹುದು. ಮೂಳೆ ಒಳಗೊಳಗೇ ಸವೆಯುವಾಗ ನೋವೇ ಇರದಿರುವುದೂ ಉಂಟು. ಸಾಮಾನ್ಯ ಎಕ್ಸ್‌ರೇಯಲ್ಲಿ ಅಂಥ ಸವೆತ ಕಾಣಬೇಕಾದರೆ ಆ ಜಾಗದ ಖನಿಜಾಂಶದಲ್ಲಿ ಶೇ 30ರಿಂದ 50ರಷ್ಟು ಕಳೆದುಹೋಗಿರಬೇಕು. ಆದ್ದರಿಂದಲೇ ನಿಮಗೆ ಎಕ್ಸ್‌ರೇ ಬದಲು ಇಡೀ ದೇಹದ ಸಿಟಿ ಇಲ್ಲವೇ ಎಂಆರ್‌ಐ, ಪೆಟ್ ಸ್ಕ್ಯಾನ್‌ಗಳಲ್ಲೊಂದನ್ನು ಹೇಳುತ್ತಾರೆ. 1845ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಅವರಿಗೆ ಒಬ್ಬ ರೋಗಿಯ ಮೂತ್ರವನ್ನು ಪರೀಕ್ಷೆಗೆ ಕಳಿಸಿದ್ದರು; ಅದರಲ್ಲಿದ್ದ ವಿಚಿತ್ರ ಪ್ರೋಟೀನಿಗೆ ಇಂದಿಗೂ ಅವರದೇ ಹೆಸರಿದೆ. ಆ ರೋಗಿಯ ಮೂಳೆಗಳು ಅಷ್ಟರಲ್ಲಾಗಲೇ ಮೆತ್ತಗಾಗಿ ಮುರಿಯತೊಡಗಿದ್ದವು, 1846ರ ಮೊದಲ ದಿನವೇ ಆತ ತೀರಿಕೊಂಡ. ಅಂದು ಕಾಯಿಲೆಯ ಕೊನೆಯಲ್ಲಿ ಸಿಗುತ್ತಿದ್ದ ಸುಳಿವು ಇಂದು ನಿಮಗೆ ವರ್ಷಗಳಷ್ಟು ಮೊದಲೇ, ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸಿಕ್ಕಿದೆ. ಅದನ್ನು ಬಳಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಮಜ್ಜೆಯ ಪರೀಕ್ಷೆಯ ಬಗ್ಗೆ ನಿಮ್ಮ ಮನೆಯವರಿಗಿರುವ ಭಯ ಸಹಜವಾದದ್ದೇ. ಸೊಂಟದ ಹಿಂಭಾಗದ ಮೂಳೆಯ ಏಣಿನಲ್ಲಿ, ಚರ್ಮಕ್ಕೂ ಮೂಳೆಯ ಹೊರಪೊರೆಗೂ ಮರಗಟ್ಟುವ ಔಷಧಿಯನ್ನು ಕೊಟ್ಟ ಮೇಲೆ, ಸೂಜಿಯಿಂದ ಸ್ವಲ್ಪ ದ್ರವಮಜ್ಜೆಯನ್ನು ಹೀರಿ ತೆಗೆಯುತ್ತಾರೆ. ಬಳಿಕ ಮೂಳೆಯ ಒಂದು ಸಣ್ಣ ಎಳೆಯನ್ನು ತೆಗೆಯುತ್ತಾರೆ. ಬೆನ್ನುಹುರಿಗೂ ಇದಕ್ಕೂ ಸಂಬಂಧವಿಲ್ಲ. ಸಿದ್ಧತೆಯೂ ಸೇರಿ ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ನೋವೇ ಆಗುವುದಿಲ್ಲ ಎಂದು ಹೇಳಲಾರೆ: ಮಜ್ಜೆಯನ್ನು ಹೀರುವ ಕೆಲವು ಕ್ಷಣ, ಔಷಧಿ ಮುಟ್ಟಲಾರದ ಆಳದಲ್ಲಿ, ಜೋರಾಗಿ ಸೆಳೆದಂಥ ನೋವಾಗುತ್ತದೆ, ಕಾಲಿನವರೆಗೂ ಹರಿಯಬಹುದು. ಆ ಕ್ಷಣ ಬರುವ ಮೊದಲು ತಿಳಿಸಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಹೆಚ್ಚು ಹೆದರಿಕೆಯಿದ್ದರೆ ಮಂಪರು ಬರಿಸುವ ಔಷಧಿಯನ್ನೂ ಕೇಳಬಹುದು. ರಕ್ತ ತೆಳುಮಾಡುವ ಮಾತ್ರೆಗಳನ್ನು ನುಂಗುತ್ತಿದ್ದರೆ ಮೊದಲೇ ತಿಳಿಸಲೇಬೇಕು. ಆಮೇಲೆ ಒಂದೆರಡು ದಿನ ಆ ಜಾಗ ಮುಟ್ಟಿದರೆ ನೋಯುತ್ತದೆ. ಗಂಭೀರವಾದ ರಕ್ತಸ್ರಾವ, ಸೋಂಕು ಬಹಳ ಅಪರೂಪ.

ವರದಿಗಳು ಒಂದೇ ದಿನ ಬರುವುದಿಲ್ಲ ಎಂಬುದನ್ನು ಯಾರೂ ಮೊದಲೇ ಹೇಳದಿರುವುದರಿಂದ ಬಹಳ ಮಂದಿ ಕಂಗೆಡುತ್ತಾರೆ. ದ್ರವಮಜ್ಜೆಯ ಮೊದಲ ನೋಟ ಬೇಗ ಸಿಗಬಹುದು. ಮೂಳೆಯ ಎಳೆಯನ್ನು ಮೆದುಗೊಳಿಸಿ ಸೀಳಿ ನೋಡಬೇಕಾದ್ದರಿಂದ ಅದಕ್ಕೆ ಇನ್ನಷ್ಟು ದಿನ ಬೇಕು. ವರ್ಣತಂತುಗಳನ್ನು ಪರೀಕ್ಷಿಸುವ ‘ಫಿಶ್’ ಎಂಬ ಪರೀಕ್ಷೆಗೆ ಒಂದೆರಡು ವಾರವೇ ಹಿಡಿಯಬಹುದು. ವರದಿ ತಡವಾದದ್ದಕ್ಕೂ ಕೆಟ್ಟ ಸುದ್ದಿಗೂ ಯಾವ ಸಂಬಂಧವೂ ಇಲ್ಲ. ಬಿಡಿ ವರದಿಗಳು ಕೈಸೇರಿದಂತೆಲ್ಲ ಅವುಗಳ ಅರ್ಥವನ್ನು ಒಬ್ಬರೇ ಹುಡುಕುತ್ತ ಕೂರಬೇಡಿ. ಎಲ್ಲವೂ ಬಂದ ಮೇಲೆ ನಿಮ್ಮ ತಜ್ಞರೊಡನೆ, ಜೊತೆಗೆ ನಿಮಗೆ ಬೇಕಾದ ಒಬ್ಬರನ್ನು ಕೂರಿಸಿಕೊಂಡು ಮಾತಾಡಿ. ಕ್ಯಾನ್ಸರ್ ಎಂಬ ಪದ ಕೇಳಿದ ಮೇಲಿನ ಮಾತುಗಳು ಎಷ್ಟೋ ಸಲ ರೋಗಿಯ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ, ಇನ್ನೊಬ್ಬರಿದ್ದರೆ ಅವರು ಬರೆದುಕೊಳ್ಳಬಹುದು.

ಇನ್ನೂ ಒಂದು ಸಾಧ್ಯತೆಯನ್ನು ಮುಚ್ಚಿಡುವುದು ಸರಿಯಲ್ಲ. ತೊಂದರೆ ಇಲ್ಲದಿದ್ದರೂ, ಮಜ್ಜೆಯಲ್ಲಿ ಆ ಕೋಶಗಳು ಶೇ 60 ಅಥವಾ ಹೆಚ್ಚು ಇದ್ದರೆ, ಲೈಟ್ ಚೈನ್‌ಗಳ ಅನುಪಾತ 100 ಮುಟ್ಟಿದ್ದರೆ, ಎಂಆರ್‌ಐಯಲ್ಲಿ ಒಂದಕ್ಕಿಂತ ಹೆಚ್ಚು ಗಂಟುಗಳು ಕಂಡರೆ, ಇಲ್ಲವೇ ಸ್ಕ್ಯಾನ್‌ನಲ್ಲಿ ಮೂಳೆ ಸವೆದಿರುವುದು ಕಂಡರೆ, 2014ರ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಅದು ಚಿಕಿತ್ಸೆ ಬೇಕಾದ ಮೈಲೋಮಾ. ಅದಕ್ಕೆ ಮೊದಲು ಅಂಗಹಾನಿಯಾಗುವವರೆಗೆ ಕಾಯುತ್ತಿದ್ದರು. ಅಂಥವರಿಗೆ ಹೇಗೂ ಬೇಗನೆ ಹಾನಿಯಾಗುತ್ತದೆ ಎಂಬುದು ಸ್ಪಷ್ಟವಾದ ಮೇಲೆ ಕಾಯುವುದನ್ನು ಬಿಟ್ಟರು. ನಿಮ್ಮ ಅನುಪಾತ ಆ ಮಟ್ಟದಿಂದ ಬಹಳ ದೂರದಲ್ಲಿದೆ. ಒಂದು ವೇಳೆ ಉತ್ತರ ಹಾಗೆಯೇ ಬಂದರೂ, ಮೂಳೆಯೂ ಮೂತ್ರಪಿಂಡವೂ ಗಟ್ಟಿಯಾಗಿರುವಾಗ ಚಿಕಿತ್ಸೆಯನ್ನು ಆರಂಭಿಸುವವರು ಅದನ್ನು ತಡೆದುಕೊಳ್ಳುವ ಬಗೆಯೇ ಬೇರೆ. ಮೈಲೋಮಾವನ್ನು ಬೇರುಸಹಿತ ಕಿತ್ತೊಗೆಯಬಹುದು ಎಂದು ಭರವಸೆ ಕೊಡುವ ಕಾಲ ಇನ್ನೂ ಬಂದಿಲ್ಲ, ಆದರೆ ಅನೇಕ ವರ್ಷಗಳ ಕಾಲ ಹದ್ದುಬಸ್ತಿನಲ್ಲಿಡುವ ಔಷಧಿಗಳು ಇಂದು ಒಂದಕ್ಕಿಂತ ಹೆಚ್ಚಿವೆ.

ಪರೀಕ್ಷೆ ಬೇಡವೆನ್ನುವ ಹಕ್ಕು ನಿಮಗಿದೆ. ಆದರೆ ಭಯದಿಂದ ಬೇಡವೆನ್ನಬೇಡಿ. ಈಗ ನಿಮ್ಮ ನಿದ್ದೆಯನ್ನು ಕಸಿದಿರುವುದು ಉತ್ತರವಿಲ್ಲದ ಪ್ರಶ್ನೆ; ಮಜ್ಜೆಯ ವರದಿ ಏನೇ ಹೇಳಿದರೂ ನಿಮಗೂ ನಿಮ್ಮ ವೈದ್ಯರಿಗೂ ಹಿಡಿದು ನಡೆಯಲು ಒಂದು ದಾರಿ ಸಿಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಮೋಲ್ಡರಿಂಗ್ ಮೈಲೋಮಾ ಎಂದು ಗೊತ್ತಾಗಿದೆ. ತೊಂದರೆ ಏನೂ ಇಲ್ಲ. ಡಾಕ್ಟರು ಔಷಧಿ ಕೊಡದೆ, ಮೂರು ತಿಂಗಳಿಗೊಮ್ಮೆ ಬಂದು ರಕ್ತ ಕೊಡಿ ಎಂದಿದ್ದಾರೆ. ಕ್ಯಾನ್ಸರ್ ಇದೆ ಎಂದು ಹೇಳಿ ಸುಮ್ಮನೆ ಮನೆಗೆ ಕಳಿಸುವುದು ಯಾವ ನ್ಯಾಯ? ಅಷ್ಟರಲ್ಲಿ ಅದು ಹರಡಿದರೆ? ಊಟದಲ್ಲಿ ಏನನ್ನಾದರೂ ಬಿಡಬೇಕೇ?

ಉತ್ತರ: ತಾಯಿ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಯಜಮಾನರನ್ನು ಯಾರೂ ಕೈಬಿಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ಎಂ ಪ್ರೋಟೀನ್, ಲೈಟ್ ಚೈನ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂಗಳನ್ನು ಅಳೆಯುವುದು, ಸ್ಕ್ಯಾನನ್ನು ಕಾಲಕಾಲಕ್ಕೆ ಮರಳಿ ಮಾಡುವುದು, ಇವೆಲ್ಲ ಚಿಕಿತ್ಸೆಯ ಭಾಗವೇ. ಸ್ಮೋಲ್ಡರಿಂಗ್ ಎಂಬ ಹೆಸರಿನಡಿ ಎರಡು ಬೇರೆ ಸ್ವಭಾವದ ಜನರಿದ್ದಾರೆ: ವರ್ಷಾನುಗಟ್ಟಲೆ ಕದಲದೆ ಇರುವವರು ಕೆಲವರು, ಬೇಗ ಮುಂದುವರಿಯುವವರು ಕೆಲವರು. ಮೊದಲನೆಯವರಿಗೆ ಔಷಧಿ ಕೊಟ್ಟರೆ ಅದರ ಅಡ್ಡಪರಿಣಾಮಗಳನ್ನಷ್ಟೇ ಕೊಟ್ಟಂತಾಗುತ್ತದೆ. ಸೋಂಕು, ನರಗಳ ಜೋಮು, ರಕ್ತಕಣಗಳ ಇಳಿತ ಇವು ಸಣ್ಣ ಬೆಲೆಯಲ್ಲ.

ಹಾಗಾಗಿ ನೀವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ, ಅವರು ಈ ಎರಡರಲ್ಲಿ ಯಾವ ಗುಂಪಿನವರು ಎಂಬುದು. ಇದಕ್ಕೆ ‘20-2-20’ ಎಂಬ ಲೆಕ್ಕವೊಂದಿದೆ: ಮಜ್ಜೆಯಲ್ಲಿನ ಕೋಶಗಳು ಶೇ 20ಕ್ಕಿಂತ ಹೆಚ್ಚು, ಎಂ ಪ್ರೋಟೀನ್ 2 ಗ್ರಾಂಗಿಂತ ಹೆಚ್ಚು, ಲೈಟ್ ಚೈನ್ ಅನುಪಾತ 20ಕ್ಕಿಂತ ಹೆಚ್ಚು. ಈ ಮೂರರಲ್ಲಿ ಎರಡು ಅಥವಾ ಮೂರೂ ಇದ್ದವರು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಅಂಥವರ ವಿಷಯದಲ್ಲಿ ವೈದ್ಯರ ನಿಲುವು ಈಚೆಗೆ ಬದಲಾಗುತ್ತಿದೆ. 2024ರ ಕೊನೆಯಲ್ಲಿ ಪ್ರಕಟವಾದ ‘ಅಕ್ವಿಲಾ’ ಅಧ್ಯಯನದಲ್ಲಿ, ಹೆಚ್ಚಿನ ಅಪಾಯವಿದ್ದ 390 ಜನರಲ್ಲಿ ಅರ್ಧದಷ್ಟು ಮಂದಿಗೆ ಡಾರಾಟುಮುಮ್ಯಾಬ್ ಎಂಬ ಚುಚ್ಚುಮದ್ದನ್ನು ಮೊದಲೇ ಕೊಟ್ಟು, ಉಳಿದವರನ್ನು ಗಮನಿಸುತ್ತ ಹೋದಾಗ, ಐದು ವರ್ಷಗಳ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಬದುಕಿದ್ದವರು ಔಷಧಿ ಪಡೆದವರಲ್ಲಿ ಶೇ 63, ಪಡೆಯದವರಲ್ಲಿ ಶೇ 41ರಷ್ಟಿದ್ದರು. ಇದು ಗಣನೀಯ ವ್ಯತ್ಯಾಸ. ಔಷಧಿ ಪಡೆಯದಿದ್ದರೂ ಹತ್ತರಲ್ಲಿ ನಾಲ್ವರು ಐದು ವರ್ಷ ಹಾಗೆಯೇ ಇದ್ದರು ಎಂಬುದೂ ಅದೇ ಅಂಕಿಯಲ್ಲಿದೆ, ಆದ್ದರಿಂದ ಕಾಯುವುದೂ ತಪ್ಪಲ್ಲ, ಮೊದಲೇ ಆರಂಭಿಸುವುದೂ ತಪ್ಪಲ್ಲ ಎನ್ನುವವರು ತಜ್ಞರಲ್ಲೇ ಇದ್ದಾರೆ. ಕಡಿಮೆ ಅಪಾಯದವರಿಗೆ ಮಾತ್ರ ಕಾಯುವುದೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಾಯುವಾಗ ನೀವು ಕಣ್ಣಿಡಬೇಕಾದವು ಇವು. ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಬೆನ್ನಿನ, ಪಕ್ಕೆಯ, ಸೊಂಟದ ಮೂಳೆನೋವು, ಕಾರಣವಿಲ್ಲದ ದಣಿವು, ಏದುಸಿರು, ಮತ್ತೆ ಮತ್ತೆ ಬರುವ ಜ್ವರ, ನ್ಯುಮೋನಿಯಾ, ನೊರೆಗಟ್ಟುವ ಮೂತ್ರ, ಕಾಲಿನ ಬಾವು, ಪಾದಗಳ ಜೋಮು, ವಿಪರೀತ ಬಾಯಾರಿಕೆಯ ಜೊತೆಗೆ ಮಲಬದ್ಧತೆ ಮತ್ತು ಮಂಕು. ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯದೆ ಹೋಗಿ. ಕಾಲುಗಳು ಇದ್ದಕ್ಕಿದ್ದಂತೆ ಬಲಹೀನವಾದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟದ ವಿಷಯಕ್ಕೆ ಚಿಕ್ಕ ಉತ್ತರ ಸಾಕು. ವರದಿಯಲ್ಲಿ ‘ಪ್ರೋಟೀನ್ ಹೆಚ್ಚಿದೆ’ ಎಂದಿರುವುದನ್ನು ಓದಿ ಎಷ್ಟೋ ಮಂದಿ ಊಟದಲ್ಲಿನ ಪ್ರೋಟೀನನ್ನು ಬಿಟ್ಟು ಸೊರಗುತ್ತಾರೆ. ಎಂ ಪ್ರೋಟೀನ್ ಊಟದಿಂದ ಬಂದದ್ದಲ್ಲ, ಊಟ ಬಿಟ್ಟರೆ ಅದು ಇಳಿಯುವುದೂ ಇಲ್ಲ. ಈ ಸ್ಥಿತಿಯನ್ನು ತಡೆದು ನಿಲ್ಲಿಸುತ್ತದೆ ಎಂದು ಸಾಬೀತಾದ ಪಥ್ಯವಾಗಲಿ ಪುಡಿಯಾಗಲಿ ಇಲ್ಲ. ನೀರನ್ನು ಚೆನ್ನಾಗಿ ಕುಡಿಯಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗದಿರಲಿ, ಏಕೆಂದರೆ ಲೈಟ್ ಚೈನ್ ಹೆಚ್ಚಿರುವವರ ಮೂತ್ರಪಿಂಡಕ್ಕೆ ಅವು ಎರಡನೆಯ ಪೆಟ್ಟು. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಗಳ ಬಗ್ಗೆ ತಜ್ಞರನ್ನು ಕೇಳಿ. ರಕ್ತಪರೀಕ್ಷೆಗಳನ್ನು ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಸಲದ ಸಣ್ಣ ಏರಿಳಿತಕ್ಕೆ ಬೆಲೆಯಿಲ್ಲ. ಸಾಲಾಗಿ ಮೂರು ನಾಲ್ಕು ಸಲ ಏರುತ್ತ ಹೋದರೆ ಅದು ಮಾತಾಡಬೇಕಾದ ವಿಷಯ.

ಪ್ರಶ್ನೆ: ನನ್ನ ತಾಯಿಗೆ ಮೈಲೋಮಾ ಇದೆ. ನನಗೆ 42 ವರ್ಷ, ಆರೋಗ್ಯವಾಗಿದ್ದೇನೆ. ನಾನೂ ನನ್ನ ತಮ್ಮನೂ ಎಂ ಬ್ಯಾಂಡ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ? ಎಲ್ಲರಿಗೂ ಇದನ್ನು ಮಾಡಿದರೆ ಒಳ್ಳೆಯದಲ್ಲವೇ?

ಉತ್ತರ: ಮೈಲೋಮಾ ಅಥವಾ ಎಂಗಸ್ ಇರುವವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬರುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಕೇಳಲು ಇದು ದೊಡ್ಡದಾಗಿ ಕಂಡರೂ, ಮೂಲದ ಸಂಭವವೇ ಕಡಿಮೆಯಿರುವುದರಿಂದ ನಿಮ್ಮಿಬ್ಬರಿಗೆ ಮೈಲೋಮಾ ಬರದೇ ಇರುವ ಸಾಧ್ಯತೆಯೇ ಬಹಳ ಹೆಚ್ಚು. ಮನೆಯಲ್ಲಿ ಒಬ್ಬರಿಗಷ್ಟೇ ಇದ್ದರೆ ಉಳಿದವರಿಗೆ ಕಡ್ಡಾಯವಾಗಿ ಪರೀಕ್ಷೆ ಮಾಡಬೇಕೆಂಬ ಶಿಫಾರಸು ಸದ್ಯಕ್ಕೆ ಇಲ್ಲ. ಇಬ್ಬರು ಅಥವಾ ಹೆಚ್ಚಿನವರಿಗೆ ಇದ್ದರೆ ರಕ್ತರೋಗ ತಜ್ಞರೊಡನೆ ಮಾತಾಡುವುದು ಲೇಸು.

ಎಲ್ಲರಿಗೂ ಮಾಡಿದರೆ ಹೇಗೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ಒಂದು ಇಡೀ ದೇಶವೇ ಕೇಳಿಕೊಂಡಿದೆ. ಐಸ್‌ಲ್ಯಾಂಡಿನಲ್ಲಿ 2016ರಲ್ಲಿ ಶುರುವಾದ ಅಧ್ಯಯನಕ್ಕೆ 40 ದಾಟಿದ 80,000ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು, 75,000ಕ್ಕೂ ಹೆಚ್ಚಿನವರ ರಕ್ತವನ್ನು ಪರೀಕ್ಷಿಸಲಾಯಿತು. ಮೊದಲೇ ಹುಡುಕಿದರೆ ಆಯುಷ್ಯ ಹೆಚ್ಚುತ್ತದೆಯೇ, ಜೊತೆಗೆ ಹುಡುಕುವುದರಿಂದ ಜನರ ಮನಸ್ಸಿನ ಮೇಲೆ ಏನಾಗುತ್ತದೆ ಎಂಬ ಎರಡನ್ನೂ ಅಲ್ಲಿ ಅಳೆಯುತ್ತಿದ್ದಾರೆ. ಎರಡನೆಯದನ್ನು ಅಳೆಯಲು ಹೊರಟದ್ದು ನನಗೆ ಬಹಳ ಮೆಚ್ಚುಗೆಯಾದ ವಿಷಯ. ಮೈಲೋಮಾ ಬಂದ ಪ್ರತಿಯೊಬ್ಬರಲ್ಲೂ ಅದಕ್ಕೆ ಮೊದಲು ಎಂಗಸ್ ಇದ್ದೇ ಇರುತ್ತದೆ ಎಂಬುದನ್ನು 2009ರಲ್ಲಿ, ಮುಂದೆ ಮೈಲೋಮಾ ಬಂದ 71 ಮಂದಿಯ ಹಳೆಯ, ಶೇಖರಿಸಿಟ್ಟ ರಕ್ತವನ್ನು ನೋಡಿ ತೋರಿಸಲಾಗಿದೆ. ಹಾಗೆಂದು ಎಲ್ಲರನ್ನೂ ಪರೀಕ್ಷಿಸಿದರೆ, ಎಂದೂ ಕಾಯಿಲೆ ಬೀಳದ ಸಾವಿರಾರು ಮಂದಿಯನ್ನು ನಾವು ಜೀವನಪೂರ್ತಿ ಅಂಜಿಕೆಯಲ್ಲಿ ಇಟ್ಟಂತಾಗಬಹುದು. ನಿಮಗೆ ತಿಳಿದುಕೊಳ್ಳಲೇಬೇಕೆಂಬ ಮನಸ್ಸಿದ್ದರೆ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಸಣ್ಣ ಎಂ ಬ್ಯಾಂಡ್ ಸಿಕ್ಕರೆ ಅದರೊಂದಿಗೆ ಬದುಕಲು ಸಿದ್ಧವಿದ್ದೇನೆಯೇ ಎಂದು ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ನನಗೆ 66 ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಟ್ಟಾಗ ಬಿಳಿ ರಕ್ತಕಣ 18,000, ಅದರಲ್ಲಿ ಲಿಂಫೊಸೈಟ್ ಶೇ 70 ಇದೆ ಎಂದು ಬಂತು. ಲ್ಯುಕೇಮಿಯಾ ಇರಬಹುದು, ಫ್ಲೋ ಸೈಟೊಮೆಟ್ರಿ ಮಾಡಿಸಿ ಎಂದರು. ನನಗೆ ಜ್ವರವೂ ಇಲ್ಲ, ಗಂಟೂ ಇಲ್ಲ. ಮೂಳೆಮಜ್ಜೆಯನ್ನೂ ಚುಚ್ಚುತ್ತಾರೆಯೇ?

ಉತ್ತರ: ಬಹುಶಃ ಚುಚ್ಚುವುದಿಲ್ಲ. ನಿಮ್ಮ ವಯಸ್ಸಿನಲ್ಲಿ, ಬೇರೆ ತೊಂದರೆಯಿಲ್ಲದೆ ಲಿಂಫೊಸೈಟ್‌ಗಳು ಹೀಗೆ ಏರಿದ್ದರೆ ಮೊದಲು ನೆನಪಾಗುವುದು ಸಿಎಲ್‌ಎಲ್, ಅಂದರೆ ನಿಧಾನಗತಿಯ ಒಂದು ಲ್ಯುಕೇಮಿಯಾ. ಲ್ಯುಕೇಮಿಯಾ ಎಂದೊಡನೆ ಮನಸ್ಸಿಗೆ ಬರುವ, ದಿನಗಳಲ್ಲೇ ಉಲ್ಬಣಿಸುವ ಕಾಯಿಲೆಗೂ ಇದಕ್ಕೂ ಬಹಳ ಅಂತರವಿದೆ. ವೈರಸ್ ಸೋಂಕಿನಿಂದಲೂ ಲಿಂಫೊಸೈಟ್ ಏರಬಹುದಾದ್ದರಿಂದ, ಇವು ಒಂದೇ ಮೂಲದ ಕೋಶಗಳೋ ಅಲ್ಲವೋ ಎಂಬುದನ್ನು ಫ್ಲೋ ಸೈಟೊಮೆಟ್ರಿ ತೋರಿಸುತ್ತದೆ. ಅದಕ್ಕೆ ತೋಳಿನಿಂದ ತೆಗೆದ ರಕ್ತ ಸಾಕು. ಸಿಎಲ್‌ಎಲ್‌ನ ನಿರ್ಣಯಕ್ಕೆ ಸಾಮಾನ್ಯವಾಗಿ ಮಜ್ಜೆ ಬೇಕಾಗುವುದಿಲ್ಲ.

ಒಂದೇ ಮೂಲದ ಬಿ ಲಿಂಫೊಸೈಟ್‌ಗಳು ಮೈಕ್ರೋಲೀಟರಿಗೆ 5,000 ಅಥವಾ ಹೆಚ್ಚಿದ್ದು, ಮೂರು ತಿಂಗಳವರೆಗೆ ಹಾಗೆಯೇ ಉಳಿದರೆ ಅದು ಸಿಎಲ್‌ಎಲ್. ನಿಮ್ಮ ಒಟ್ಟು ಲಿಂಫೊಸೈಟ್ 12,600ರಷ್ಟು ಆಗುತ್ತದೆ. ಅದು ಸಿಎಲ್‌ಎಲ್ ಎಂದೇ ಬಂದರೂ, ಎಣಿಕೆ ಹೆಚ್ಚಿದೆ ಎಂಬ ಕಾರಣವೊಂದಕ್ಕೇ ಚಿಕಿತ್ಸೆ ಶುರುಮಾಡುವುದಿಲ್ಲ. ತೊಂದರೆಯಿಲ್ಲದವರಿಗೆ ಮೊದಲೇ ಔಷಧಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಆಯುಷ್ಯ ಹೆಚ್ಚಲಿಲ್ಲ; ಹಳೆಯ ಕ್ಲೊರಾಂಬ್ಯುಸಿಲ್ ಮಾತ್ರೆಯಿಂದಲೂ ಹೆಚ್ಚಲಿಲ್ಲ, ಹೊಸ ಇಬ್ರುಟಿನಿಬ್‌ನಿಂದಲೂ ಹೆಚ್ಚಲಿಲ್ಲ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯತೊಡಗಿದರೆ, ಗಂಟುಗಳೋ ಗುಲ್ಮವೋ ಬಹಳವಾಗಿ ಊದಿಕೊಂಡರೆ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ತೂಕದ ಇಳಿತ, ಬಿಡದ ಜ್ವರ ಕಾಣಿಸಿಕೊಂಡರೆ ಆಗ ಚಿಕಿತ್ಸೆಯ ಮಾತು. ಚಿಕಿತ್ಸೆಯೇ ಬೇಕಾಗದೆ ಬಾಳಿದವರು ಬಹಳ ಮಂದಿ ಇದ್ದಾರೆ.

ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಇದಕ್ಕಾಗಿ ರದ್ದುಮಾಡಬೇಕಿಲ್ಲ. ಫ್ಲೋ ಸೈಟೊಮೆಟ್ರಿಯ ವರದಿಯೊಂದಿಗೆ ರಕ್ತರೋಗ ತಜ್ಞರನ್ನು ಒಮ್ಮೆ ಕಂಡು, ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಸರಿಯಾಗಿವೆ ಎಂಬುದನ್ನು ಖಚಿತಪಡಿಸಿಕೊಂಡು, ಅವರು ಬರೆದುಕೊಟ್ಟ ಚೀಟಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿ.